ಕಿಸೆ ಮುಚ್ಚಿ ಹೊಲಿದ ವರ್ಷಗಳು

ನಮ್ಮ ಇಗರ್ಜಿಯ ಸಭಾಭವನದಲ್ಲಿ ಮಧ್ಯಾಹ್ನದ ಹೊತ್ತು ಹೊಲಿಗೆ ತರಗತಿ ನಡೆಯುತ್ತದೆ. ಅಲ್ಲಿ ಕಲಿತ ಇಬ್ಬರು ಹುಡುಗಿಯರಿಗೆ ದುಬೈಯ ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ. "ಸೆವ್ರಿನಕ್ಕಾ, ನೀವು ಅಷ್ಟು ವರ್ಷ ಅಲ್ಲಿ ಇದ್ದವರು. ಕೆಲಸ ಹೇಗಿರುತ್ತದೆ ಅಂತ ಇವರಿಗೆ ಸ್ವಲ್ಪ ಬರೆದುಕೊಡಿ" ಎಂದು ತರಗತಿ ನಡೆಸುವ ಸಿಸ್ಟರ್ ಕೇಳಿದರು. ಬರೆಯುವುದು ಯಾಕೆ, ಬಂದು ಹೇಳುತ್ತೇನೆ ಅಂದೆ. "ಹೇಳಲು ಕೂತರೆ ನೀವು ಅಳುತ್ತೀರಿ, ಹುಡುಗಿಯರು ಹೆದರುತ್ತಾರೆ. ಬರೆಯಿರಿ" ಅಂದರು.

ಸಿಸ್ಟರ್ ಹೇಳಿದ್ದು ಸರಿ. ನಾಲ್ಕು ತಿಂಗಳ ಹಿಂದೆ ಹಲೀನಾ ತೀರಿಕೊಂಡಳು. ಅವಳು ಯುಕ್ರೇನಿನವಳು. ಎಂಟು ವರ್ಷ ನನ್ನ ಹೊಲಿಗೆ ಯಂತ್ರದ ಎದುರಿನ ಯಂತ್ರದಲ್ಲಿ ಕೂತು ಕೆಲಸ ಮಾಡಿದವಳು. ಕೆಲಸದ ಯಾವ ಮಾತು ಎತ್ತಿದರೂ ಅವಳು ನಡುವೆ ಬಂದು ಕೂರುತ್ತಾಳೆ. ಹಾಗಾಗಿ ಹುಡುಗಿಯರೇ, ಇದರಲ್ಲಿ ಹೊಲಿಗೆ ಎಷ್ಟಿದೆಯೋ ಅವಳ ದೇಶದ ರಾಜಕೀಯವೂ ಅಷ್ಟೇ ಇದೆ. ನಾನು ಹತ್ತನೇ ತರಗತಿಯವರೆಗೆ ಓದಿದವಳು, ರಾಜಕೀಯ ನನಗೆ ತಿಳಿಯದು. ಅವಳ ಬಾಯಿಂದ ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ. ನಮ್ಮ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ, ಮಧ್ಯೆ ಮಧ್ಯೆ ಅರಬ್ಬಿ ಸೇರಿಸಿ ನಡೆಯುತ್ತಿತ್ತು. ಇಲ್ಲಿ ಅದನ್ನು ಕನ್ನಡ ಮಾಡಿದ್ದೇನೆ.

ಮೊದಲು ಕೆಲಸದ ವಿಷಯ. ಅಲ್ಲಿ ನೀವು ಹೊಸ ಬಟ್ಟೆ ಹೊಲಿಯುತ್ತೀರಿ ಅಂತ ಎಣಿಸಬೇಡಿ. ಯೂನಿಫಾರ್ಮ್ ರೂಮ್ ಅಂದರೆ ನೆಲಮಾಳಿಗೆಯಲ್ಲಿ ಲಾಂಡ್ರಿಯ ಪಕ್ಕದ ಕೋಣೆ. ಕಿಟಕಿ ಇರುವುದಿಲ್ಲ. ಇಸ್ತ್ರಿಯ ಹಬೆ ದಿನವಿಡೀ ಬರುತ್ತಿರುತ್ತದೆ. ನೂರಾರು ಜನರ ಸಮವಸ್ತ್ರಗಳು ಸಾಲಾಗಿ ತೂಗುತ್ತಿರುತ್ತವೆ, ಒಬ್ಬೊಬ್ಬರಿಗೆ ಒಂದೊಂದು ನಂಬರು. ನಿಮ್ಮ ಕೆಲಸ ಪ್ಯಾಂಟಿನ ಅಂಚು ಮಡಿಸುವುದು, ಗುಂಡಿ ಹಾಕುವುದು, ಹರಿದ ಕಂಕುಳು ಹೊಲಿಯುವುದು, ಸೊಂಟ ಬಿಡಿಸುವುದು, ಸೊಂಟ ಹಿಡಿಯುವುದು. ಆರು ತಿಂಗಳಲ್ಲಿ ನಿಮಗೆ ಜನರ ಮುಖ ನೋಡದೆ ಅವರ ಸುದ್ದಿ ತಿಳಿಯುತ್ತದೆ. ಸೊಂಟ ಸಣ್ಣದಾಗುತ್ತಾ ಬಂದರೆ ಆ ಹುಡುಗನಿಗೆ ಮನೆ ನೆನಪಾಗುತ್ತಿದೆ ಅಂತ ಲೆಕ್ಕ. ದಪ್ಪವಾದರೆ ಕ್ಯಾಂಟೀನಿನ ಅಡುಗೆಯವ ಅವನ ಊರಿನವ.

ಕಂಡದ್ದನ್ನು ಹೊರಗೆ ಹೇಳಬಾರದು. ರಿಸೆಪ್ಶನ್ನಿನ ಒಬ್ಬಳು ಹುಡುಗಿ ಸ್ಕರ್ಟಿನ ಸೊಂಟ ಬಿಡಿಸಲು ಮೂರನೇ ಸಲ ಬಂದಾಗ ನಾನು ಏನೂ ಕೇಳದೆ ಒಳಗೆ ಎಲಾಸ್ಟಿಕ್ ಹಾಕಿಕೊಟ್ಟೆ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹೆರಿಗೆ ರಜೆಗೆ ಊರಿಗೆ ಹೋದವಳು ಮಗುವಿನ ಮೊದಲ ಫೋಟೋ ಕಳಿಸಿದ್ದು ನಮ್ಮ ಕೋಣೆಗೆ.

ಇನ್ನು ಕಿಸೆ. ಇದು ನಿಮಗೆ ಯಾವ ತರಗತಿಯಲ್ಲೂ ಹೇಳಿಕೊಡುವುದಿಲ್ಲ. ಕ್ಯಾಶಿಯರುಗಳ ಕೋಟಿಗೆ, ರೂಮು ಸ್ವಚ್ಛ ಮಾಡುವವರ ಉಡುಪಿಗೆ ಕಿಸೆ ಇರಬಾರದು. ಕೋಟುಗಳು ಹೊರಗಿನಿಂದ ಸಿದ್ಧವಾಗಿ ಬರುತ್ತವೆ, ಅದರಲ್ಲಿ ಕಿಸೆ ಇರುತ್ತದೆ. ನಾವು ಅದನ್ನು ಮುಚ್ಚಿ ಹೊಲಿಯಬೇಕು. ಹೊರಗಿನಿಂದ ನೋಡಿದರೆ ಕಿಸೆ ಇದೆ, ಕೈ ಹಾಕಿದರೆ ಇಲ್ಲ. ಮೊದಲ ಸಲ ಹೊಲಿದಾಗ ನನಗೆ ಬೇಸರವಾಗಿತ್ತು. ಯಾರದೋ ಮೇಲೆ ಕಳ್ಳತನ ಹೊರಿಸಿದ ಹಾಗೆ ಅನ್ನಿಸಿತ್ತು. ಹಲೀನಾಗೆ ಹಾಗೆ ಅನ್ನಿಸಲೇ ಇಲ್ಲ. ಕೆಲಸಕ್ಕೆ ಬಂದ ಮೊದಲ ದಿನ ಈ ನಿಯಮ ಹೇಳಿದ್ದೇ ತಡ, ಅವಳು ಸೂಜಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇದನ್ನು ನಮ್ಮ ದೇಶದ ಪಾರ್ಲಿಮೆಂಟಿಗೆ ಯಾಕೆ ಯಾರೂ ಹೇಳಲಿಲ್ಲ ಮಾರಾಯ್ತಿ!"

ಮಾರಾಯ್ತಿ ಅಂತ ಅವಳು ಅಂದದ್ದಲ್ಲ ಬಿಡಿ. ಆದರೆ ಅಂದ ರೀತಿ ಅದೇ.

ಅವಳಿಗೆ ಆಗ ಐವತ್ತು ದಾಟಿತ್ತು. ಗಟ್ಟಿ ಮೈಕಟ್ಟು, ಕನ್ನಡಕ ಮೂಗಿನ ತುದಿಯಲ್ಲಿ. ನದಿ ದಂಡೆಯ ಒಂದು ಸಣ್ಣ ಪಟ್ಟಣದವಳು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು ಒಕ್ಸಾನಾ, ಅದೇ ಪಟ್ಟಣದ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಹಲೀನಾ ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿತ್ತು, ಹಾಗೆ ದುಬೈಗೆ ಬಂದಿದ್ದಳು. ನನ್ನನ್ನು ಸೆವ್ರಿನ್ಕಾ ಅಂತ ಕರೆಯಲು ಅವಳಿಗೆ ಎರಡು ದಿನ ಹಿಡಿಯಿತು. ನಾನು ಮಡಿಸಿದ ಅಂಚುಗಳನ್ನು ತಿರುಗಿಸಿ ಒಳಬದಿ ನೋಡಿ ಸರಿ ಇದೆ ಅಂತ ತಲೆ ಆಡಿಸುವುದಕ್ಕೆ ಎರಡು ವಾರ.

ಕಿಸೆಯ ಮಾತಿನಿಂದಲೇ ನಮ್ಮ ಆಟ ಶುರುವಾಯಿತು. ಯಾರ ಊರಿನ ನಾಯಕರು ಹೆಚ್ಚು ಕೆಟ್ಟವರು? ದಿನಕ್ಕೊಂದು ಕಥೆ ಹೇಳಬೇಕು. ಸೋತವರು ಹತ್ತೂವರೆಗೆ ಕಡಕ್ ಚಹಾ ತರಬೇಕು.

"ನಮ್ಮೂರ ಹೊಳೆಗೆ ಸೇತುವೆ ಆಗಬೇಕಿತ್ತು. ಶಿಲಾನ್ಯಾಸ ಮೂರು ಸಲ ಆಗಿದೆ. ಮೂರು ಸಲವೂ ಬೇರೆ ಬೇರೆ ಮನುಷ್ಯ, ಬೇರೆ ಬೇರೆ ಕಲ್ಲು" ಅಂದೆ ನಾನು.

"ಮೂರು ಕಲ್ಲು ಇದೆಯಾ? ಒಂದರ ಮುಂದೆ ಒಂದು ಇಟ್ಟು ದಾಟಿ ಹೋಗಿ" ಅಂದಳು. "ನಮ್ಮ ಹತ್ತಿರದ ಊರಿನ ಮೇಯರ್ ಬೀದಿಯ ದೀಪ ಕಿತ್ತು ತನ್ನ ಅಂಗಳದಲ್ಲಿ ನೆಡಿಸಿಕೊಂಡ. ಜನ ಕೇಳಿದರೆ ರಿಪೇರಿಗೆ ತಂದಿದ್ದೇನೆ ಅಂದ. ಏಳು ವರ್ಷದಿಂದ ರಿಪೇರಿ ನಡೀತಾ ಇದೆ, ರಾತ್ರಿಯೆಲ್ಲ ಉರೀತಾ ಇದೆ."

ಚಹಾ ನಾನೇ ತಂದೆ. ಹೆಚ್ಚಿನ ದಿನ ನಾನೇ ತರುತ್ತಿದ್ದೆ. ಒಂದು ದಿನ ನಮ್ಮ ಮೇಲಧಿಕಾರಿ, ಈಜಿಪ್ಟಿನ ಮಿಸ್ಟರ್ ಸಮೇಹ್, ಬಾಗಿಲಲ್ಲಿ ನಿಂತು ನಮ್ಮಿಬ್ಬರ ಕಥೆಯನ್ನೂ ಪೂರ್ತಿ ಕೇಳಿದರು. ತಮ್ಮ ದೇಶದ ಕಥೆ ಹೇಳಲೂ ಇಲ್ಲ. ಒಳಗೆ ಬಂದು ಕುರ್ಚಿ ಎಳೆದು ಕೂತು, ಗೆದ್ದವರ ಹಾಗೆ ಚಹಾಕ್ಕೆ ಕೈ ಮುಂದೆ ಚಾಚಿದರು. ಹಲೀನಾ ತನ್ನ ಕಪ್ಪನ್ನೇ ಎತ್ತಿ ಕೊಟ್ಟಳು. ಅವತ್ತಿನ ಆಟ ಖಲಾಸ್.

ಈ ಆಟದಿಂದಲೇ ನನ್ನ ವೃತ್ತಿಯ ದೊಡ್ಡ ಎಡವಟ್ಟು ಆದದ್ದು. ದೊಡ್ಡ ಮದುವೆಯ ಔತಣ. ಬಡಿಸುವ ಹುಡುಗರಿಗೆ ಕಪ್ಪು ಕೋಟು, ಕ್ಯಾಶಿಯರುಗಳಿಗೂ ಕಪ್ಪು ಕೋಟು. ವ್ಯತ್ಯಾಸ ಕಾಲರಿನ ಸಣ್ಣ ದಾರದಲ್ಲಿ ಮಾತ್ರ. ನಾವಿಬ್ಬರೂ ಅವತ್ತು ಒಂದು ಗಟ್ಟಿ ವಾದದಲ್ಲಿದ್ದೆವು: ಮಾತು ಕೊಟ್ಟು ಮರೆಯುವವನು ಕೆಟ್ಟವನೋ, ಮಾತು ಕೊಡುವಾಗಲೇ ಮರೆತಿರುವವನು ಕೆಟ್ಟವನೋ? ವಾದ ಮುಗಿಯುವಾಗ ಬಡಿಸುವ ಹುಡುಗರ ನಲವತ್ತು ಕೋಟುಗಳ ಕಿಸೆ ಮುಚ್ಚಿ ಹೋಗಿತ್ತು. ಒಳ್ಳೆಯ ಗಟ್ಟಿ ಹೊಲಿಗೆ, ಬಿಚ್ಚಲು ಸಮಯವಿಲ್ಲ. ಸಂಜೆ ಹುಡುಗರು ಪೆನ್ನನ್ನು ಕಾಲುಚೀಲದಲ್ಲಿ ಸಿಕ್ಕಿಸಿ, ಚೀಟಿ ಪುಸ್ತಕವನ್ನು ಸೊಂಟದ ಹಿಂದೆ ತುರುಕಿ ಬಡಿಸಿದರು. ಒಬ್ಬ ಬೆಂಕಿಪೊಟ್ಟಣ ತೆಗೆಯಲು ಕಿಸೆ ಹುಡುಕುತ್ತಾ ಹುಡುಕುತ್ತಾ ಮದುಮಗನ ಮುಂದೆ ಮೈ ತುರಿಸಿಕೊಳ್ಳುವವನ ಹಾಗೆ ನಿಂತನಂತೆ.

ಮರುದಿನ ಮಿಸ್ಟರ್ ಸಮೇಹ್ ಇಬ್ಬರನ್ನೂ ನಿಲ್ಲಿಸಿ ಬೈದರು. ಬೈಗುಳ ಮುಗಿದ ಮೇಲೆ ಹಲೀನಾ ತಲೆ ತಗ್ಗಿಸಿಯೇ ಅಂದಳು: "ಸರ್, ತಪ್ಪಾಯಿತು. ಆದರೆ ಒಂದೇ ಒಂದು ಸಲ ಇದೇ ತಪ್ಪು ನಮ್ಮ ಮಂತ್ರಿಗಳ ಕೋಟಿಗೆ ಆಗಬೇಕಿತ್ತು."

ಅವರು ಗೋಡೆಯ ಕಡೆ ತಿರುಗಿದರು. ಭುಜ ಅಲ್ಲಾಡುತ್ತಿತ್ತು. "ಯಲ್ಲಾ, ಬೇಗ ಬಿಚ್ಚಿ, ಎಲ್ಲಾ ಬಿಚ್ಚಿ" ಅಂತ ಗೋಡೆಗೇ ಹೇಳಿ ಹೊರಟುಹೋದರು. ಹುಡುಗಿಯರೇ, ಅಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ. ತಪ್ಪು ಮಾಡಿದ ದಿನವೇ ಹೋಗಿ ಹೇಳಿಬಿಡಿ. ಮುಚ್ಚಿಟ್ಟ ತಪ್ಪನ್ನು ಮಾತ್ರ ಅವರು ಕ್ಷಮಿಸುತ್ತಿರಲಿಲ್ಲ.

ಹಲೀನಾ ನಗಿಸುತ್ತಿದ್ದಳು, ಆದರೆ ಅವಳ ಬೇಸರ ತಮಾಷೆಯದಾಗಿರಲಿಲ್ಲ. ನಾನು ಅದನ್ನು ತಿಳಿದದ್ದು ನಿಧಾನಕ್ಕೆ. ದುಬೈಗೆ ಬರುವ ಎಷ್ಟೋ ವರ್ಷ ಮೊದಲು ಒಂದು ಚಳಿಗಾಲದಲ್ಲಿ, ಚುನಾವಣೆಯಲ್ಲಿ ಮೋಸ ಆಯಿತು ಅಂತ ಅವಳ ದೇಶದ ಜನ ರಾಜಧಾನಿಯ ಚೌಕದಲ್ಲಿ ವಾರಗಟ್ಟಲೆ ಹಿಮದಲ್ಲಿ ನಿಂತಿದ್ದರು. ಅವಳೂ ನಿಂತಿದ್ದಳು. ಕುತ್ತಿಗೆಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿಕೊಂಡು, ದೊಡ್ಡ ಪಾತ್ರೆಯಲ್ಲಿ ಸೂಪು ಹಂಚಿದ್ದಳು. ಮತ್ತೆ ಚುನಾವಣೆ ನಡೆಯಿತು, ಅವರು ಬಯಸಿದವರೇ ಗೆದ್ದರು. ಗೆದ್ದವರು ಒಬ್ಬರಿಗೊಬ್ಬರು ಜಗಳವಾಡಿದರು. ಐದು ವರ್ಷ ಕಳೆಯುವಾಗ, ಜನ ಯಾರನ್ನು ಬೇಡ ಅಂದಿದ್ದರೋ ಅವನೇ ಮತ ಪಡೆದು ಬಂದು ಕುರ್ಚಿಯಲ್ಲಿ ಕೂತ.

"ನಾವು ಅವರಿಗಾಗಿ ಹಿಮದಲ್ಲಿ ನಿಂತೆವು ಸೆವ್ರಿನ್ಕಾ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಳಿ ಬರುತ್ತದೆ ಅಂತ."

ಮತ್ತೆ ಒಂದು ಚಳಿಗಾಲ ಅದೇ ಚೌಕ ತುಂಬಿತು. ಆಗ ಅವಳು ನನ್ನ ಎದುರಿಗೆ ಇದ್ದಳು. ದಾರ ಸುತ್ತಿದ ಕೋನಿಗೆ ಫೋನ್ ಒರಗಿಸಿಟ್ಟು ನೋಡುತ್ತಾ ಹೊಲಿಯುತ್ತಿದ್ದಳು. ಈ ಸಲ ಗುಂಡು ಹಾರಿತು, ಜನ ಸತ್ತರು. ಕುರ್ಚಿಯಲ್ಲಿ ಕೂತಿದ್ದವನು ದೇಶ ಬಿಟ್ಟು ಓಡಿದ. ಆ ವಾರ ಅವಳು ಹೊಲಿದದ್ದನ್ನೆಲ್ಲ ನಾನು ಹಿಂದಿನಿಂದ ಬಿಚ್ಚಿ ಮತ್ತೆ ಹೊಲಿದೆ. ಹೇಳಲಿಲ್ಲ. ಮೇ ತಿಂಗಳಲ್ಲಿ ಅಧ್ಯಕ್ಷರ ಚುನಾವಣೆ ಬಂತು. ಭಾನುವಾರ. ಅಲ್ಲಿ ನಮಗೆ ಭಾನುವಾರ ಕೆಲಸದ ದಿನ. ಅವಳು ಮತ ಹಾಕಬೇಕಾದರೆ ಅಬುಧಾಬಿಯಲ್ಲಿರುವ ಅವರ ರಾಯಭಾರ ಕಚೇರಿಗೆ ಹೋಗಬೇಕಿತ್ತು.

"ಮತ ಹಾಕಲು ರಜೆಯಾ?" ಮಿಸ್ಟರ್ ಸಮೇಹ್ ಕನ್ನಡಕ ತೆಗೆದರು. "ನಾವೂ ಹಾಕಿದೆವು. ಹೋಗಿ, ಹೋಗಿ. ನಿಮಗಾದರೂ ಒಳ್ಳೆಯದಾಗಲಿ."

ನಮ್ಮವರು ಲಾರೆನ್ಸ್, ಅಲ್ ಕೂಜಿನ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ನಮ್ಮ ಹಳೆಯ ಕಾರಿನಲ್ಲಿ ಅವರೇ ಕರೆದುಕೊಂಡು ಹೋದರು. ಹಲೀನಾ ತಾನೇ ಕೈಯಲ್ಲಿ ಕಸೂತಿ ಹಾಕಿದ ಬಿಳಿ ರವಿಕೆ ತೊಟ್ಟಿದ್ದಳು, ಕೆಂಪು ಕಪ್ಪು ದಾರದ್ದು. ಅವರಲ್ಲಿ ಹಬ್ಬಕ್ಕೆ ಅದನ್ನು ತೊಡುತ್ತಾರೆ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಹತ್ತಿರ ದಾರಿ ತಪ್ಪಿತು.

"ಎಂತ ಅವಸರ? ನಿಮ್ಮವರು ಓಟಿಗೆ ನಿಂತವರು ಎಲ್ಲಿಗೂ ಓಡಿಹೋಗುವುದಿಲ್ಲ" ಅಂದರು ಲಾರೆನ್ಸ್.

"ಓಡಿಹೋಗುತ್ತಾರೆ. ಅದೇ ಅಭ್ಯಾಸ ಅವರಿಗೆ. ಬೇಗ ಬಿಡಿ!" ಅಂದಳು ಹಲೀನಾ.

ಬಿಸಿಲಿನಲ್ಲಿ ಅವಳ ದೇಶದವರ ಸಾಲು. ರಿಸೆಪ್ಶನ್ ಹುಡುಗಿಯರು, ವಿಮಾನದ ಮೆಕ್ಯಾನಿಕ್‌ಗಳು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಎಷ್ಟೋ ಜನ ಕಸೂತಿ ಅಂಗಿಯವರು. ಮತ ಹಾಕಿ ಹೊರಬಂದ ಹಲೀನಾಳ ಮುಖ ಮದುವೆ ಮನೆಯಿಂದ ಬಂದವಳ ಹಾಗಿತ್ತು. ವಾಪಸು ಬರುವ ದಾರಿಯುದ್ದಕ್ಕೂ ಹಾಡಿದಳು. ಲಾರೆನ್ಸ್‌ಗೆ ಒಂದು ಶಬ್ದವೂ ಅರ್ಥವಾಗಲಿಲ್ಲ, ಸ್ಟಿಯರಿಂಗ್ ಮೇಲೆ ತಾಳ ಹಾಕಿದರು.

ಆ ಸಂತೋಷ ಒಂದು ವರ್ಷ ಬಾಳಿತು ಅಂತ ಹೇಳಬಹುದು. ದೇಶದ ಪೂರ್ವದಲ್ಲಿ ಯುದ್ಧ ನಡೆಯುತ್ತಿತ್ತು, ಅವಳ ಸೋದರಳಿಯ ಅಲ್ಲಿದ್ದ. ರಾಜಧಾನಿಯಲ್ಲಿ ಹಳೆಯ ಮುಖಗಳೇ ಹೊಸ ಪಕ್ಷದ ಹೆಸರಿನಲ್ಲಿ ತಿರುಗುತ್ತಿದ್ದವು. ನಾಯಕರೆಲ್ಲ ಕಸೂತಿ ಅಂಗಿ ತೊಟ್ಟು ಫೋಟೋಗೆ ನಿಲ್ಲತೊಡಗಿದರು. ಅವಳಿಗೆ ಅದು ತುಂಬಾ ಚುಚ್ಚಿತು. ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ, ದಾರದ ಎಳೆ ನೋಡಿ, "ಇದು ಯಂತ್ರದ್ದು. ಇದೂ ಯಂತ್ರದ್ದು. ಇದು ಕೈಯದ್ದು, ಪಾಪ, ಯಾವ ಮುದುಕಿಯಿಂದ ಮಾಡಿಸಿಕೊಂಡನೋ" ಅನ್ನುತ್ತಿದ್ದಳು. ಒಂದು ದಿನ ಫೋನ್ ಮಗುಚಿಟ್ಟು, "ಇನ್ನು ನಾನು ಸಾಯುವವರೆಗೆ ಮತ ಹಾಕುವುದಿಲ್ಲ" ಅಂದಳು. ಚಹಾದ ಆಟವೂ ನಿಂತಿತು. ನಾನು ಕೆದಕಿದರೂ ಕಥೆ ಹೇಳುತ್ತಿರಲಿಲ್ಲ.

ಅದೇ ವರ್ಷ ಒಕ್ಸಾನಾ ಫೋನ್ ಮಾಡಿ ತಾನು ಪಟ್ಟಣದ ಕೌನ್ಸಿಲ್ ಚುನಾವಣೆಗೆ ನಿಲ್ಲುತ್ತೇನೆ ಅಂದಳು.

ಹಲೀನಾ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಲಾಂಡ್ರಿಯ ಹುಡುಗರು ಯಂತ್ರ ನಿಲ್ಲಿಸಿ ಬಂದು ನೋಡಿದರು. ಫೋನ್ ಇಟ್ಟ ಮೇಲೆ ನನಗೆ ಹೇಳಿದಳು: "ನಾನು ಅವಳಿಗೆ ಅಂದೆ, ನೀನು ಹಿಂದೆ ಸರಿಯುವವರೆಗೆ ನನಗೆ ಫೋನ್ ಮಾಡಬೇಡ ಅಂತ. ಒಳ್ಳೆಯವರು ಒಳಗೆ ಹೋದದ್ದನ್ನು ನಾನು ನೋಡಿದ್ದೇನೆ. ಒಳ್ಳೆಯವರಾಗಿ ಹೊರಗೆ ಬಂದದ್ದನ್ನು ನೋಡಿಲ್ಲ. ಇರುವವಳು ಒಬ್ಬಳು ಮಗಳು. ಅವಳನ್ನೂ ಅವರಿಗೆ ಕೊಡಲಾ?"

ಒಕ್ಸಾನಾ ಹಿಂದೆ ಸರಿಯಲಿಲ್ಲ. ಸಣ್ಣ ಅಂತರದಲ್ಲಿ ಗೆದ್ದಳು. ಹಲೀನಾ ಮಾತು ಬಿಟ್ಟಳು. ಮಗಳ ಫೋನ್ ಬಂದರೆ ಬಡಿದುಕೊಳ್ಳಲು ಬಿಡುತ್ತಿದ್ದಳು.

"ಇನ್ನೊಂದು ವರ್ಷದಲ್ಲಿ ಕಾರು ಬರುತ್ತದೆ. ಎರಡನೇ ವರ್ಷ ಬೇಲಿ. ನಮ್ಮಲ್ಲಿ ಕಳ್ಳನನ್ನು ಬೇಲಿ ನೋಡಿಯೇ ಗುರುತಿಸುವುದು. ಕದಿಯಲು ಶುರುಮಾಡಿದ ದಿನ ಬೇಲಿ ಎತ್ತರವಾಗುತ್ತದೆ" ಅಂದಳು.

ಹಾಗಾಗಿ ಊರಿನಲ್ಲಿ ಮಗಳ ಪಕ್ಕದ ಮನೆಯ ನೀನಾ ಎಂಬ ಹೆಂಗಸಿಗೆ ಹೇಳಿ, ಮಗಳ ಮನೆಯ ಬೇಲಿಯದ್ದು ತಿಂಗಳಿಗೊಂದು ಫೋಟೋ ತರಿಸಿಕೊಳ್ಳಲು ಶುರುಮಾಡಿದಳು. ಮಗಳಿಗೆ ಗೊತ್ತಾಗಬಾರದು ಅಂತ ಕಟ್ಟಪ್ಪಣೆ. ತಿಂಗಳ ಮೊದಲ ದಿನ ಫೋಟೋ ಬರುತ್ತಿತ್ತು. ಸೊಂಟದೆತ್ತರದ ಹಳೆಯ ಮರದ ಬೇಲಿ, ನೀಲಿ ಬಣ್ಣ ಸುಲಿದದ್ದು. ಎಡಗಡೆಯಿಂದ ನಾಲ್ಕನೆಯ ಹಲಗೆ ಮುರಿದು ನೇತಾಡುತ್ತಿತ್ತು. ನಾವಿಬ್ಬರೂ ಕನ್ನಡಕ ಹಾಕಿಕೊಂಡು ಪರೀಕ್ಷೆ ಮಾಡುತ್ತಿದ್ದೆವು. ಹಿಮ ಬಿದ್ದ ಬೇಲಿ, ಹಿಮ ಕರಗಿದ ಬೇಲಿ, ಹೂ ಬಳ್ಳಿ ಹಬ್ಬಿದ ಬೇಲಿ. ಹಲಗೆ ಮಾತ್ರ ಹಾಗೇ ನೇತಾಡುತ್ತಿತ್ತು.

ಆ ವರ್ಷಗಳಲ್ಲೇ ನಮ್ಮ ಕೋಣೆಗೆ ಹೊಸ ವ್ಯವಸ್ಥೆ ಬಂತು. ಪ್ರತಿ ಬಟ್ಟೆಯ ಅಂಚಿಗೆ ಗುಂಡಿಯಷ್ಟು ಸಣ್ಣ ಚಿಪ್ ಹೊಲಿಯಬೇಕು. ನಂಬರು ಒತ್ತಿದರೆ ಬಟ್ಟೆ ತಾನೇ ತೇಲಿಕೊಂಡು ಬಂದು ಮುಂದೆ ನಿಲ್ಲುತ್ತದೆ. ನನಗೆ ಮೊದಲು ಹೆದರಿಕೆಯಾಯಿತು, ಆಮೇಲೆ ಖುಷಿಯಾಯಿತು. ನೀವು ಹೋಗುವಾಗ ಇನ್ನೂ ಏನೇನು ಬಂದಿರುತ್ತದೋ. ಕಲಿಯಿರಿ, ಹೆದರಬೇಡಿ. ಆದರೆ ಬಟ್ಟೆ ಮುಂದೆ ಬಂದು ನಿಂತ ಮೇಲೆ ಒಳಬದಿ ತಿರುಗಿಸಿ ನೋಡುವ ಕೆಲಸ ನಿಮ್ಮದೇ.

ಎರಡನೇ ವರ್ಷವೂ ಕಳೆಯಿತು. ಬೇಲಿ ಅಷ್ಟೇ ಇತ್ತು. ಹಲೀನಾಗೆ ಸಮಾಧಾನ ಆಗಬೇಕಿತ್ತು, ಆದರೆ ಸಿಟ್ಟು ಬರತೊಡಗಿತು.

"ಎರಡು ವರ್ಷ! ಒಂದು ಮೊಳೆ ಹೊಡೆಯಲು ಆಗುವುದಿಲ್ಲವಾ ಇವಳಿಗೆ? ಊರವರು ಏನೆನ್ನಬೇಕು?"

"ಮೊಳೆ ಹೊಡೆದರೆ ನೀನು ಕಳ್ಳಿ ಅನ್ನುತ್ತೀ. ಹೊಡೆಯದಿದ್ದರೆ ಸೋಮಾರಿ ಅನ್ನುತ್ತೀ. ಅವಳು ಎಂತ ಮಾಡಬೇಕು ಹೇಳು?" ಅಂದೆ.

"ನೀನು ನಿನ್ನ ಗುಂಡಿ ಹೊಲಿ."

ಒಂದು ಮಾರ್ಚ್ ತಿಂಗಳಲ್ಲಿ ಒಕ್ಸಾನಾ ಹೇಳದೆ ಕೇಳದೆ ಬಂದಳು. ಹೇಳದೆ ಅಂದರೆ ಹಲೀನಾಗೆ ಹೇಳದೆ. ನನಗೆ ಗೊತ್ತಿತ್ತು. ನನ್ನ ನಂಬರು ಹುಡುಕಿ ಬರೆದಿದ್ದಳು: ಅಮ್ಮ ಮಾತಾಡುವುದಿಲ್ಲ, ಬಂದರೆ ಓಡಿಸುತ್ತಾಳಾ? ಓಡಿಸಿದರೆ ನಮ್ಮಲ್ಲಿ ಇರು ಅಂತ ಉತ್ತರ ಕೊಟ್ಟಿದ್ದೆ. ನಾವು ಮಿರ್ದಿಫಿನಲ್ಲಿ ಒಂದು ವಿಲ್ಲಾದ ಒಂದು ಕೋಣೆ ಹಿಡಿದಿದ್ದೆವು. ಲಾರೆನ್ಸ್ ಹತ್ತು ದಿನಕ್ಕೆ ತಮ್ಮ ಗೆಳೆಯನ ಕೋಣೆಗೆ ಹೋಗಲು ಒಪ್ಪಿದರು. ಅವರು ಎಷ್ಟು ಬೇಗ ಒಪ್ಪಿದರು ಅಂದರೆ ನನಗೆ ಸ್ವಲ್ಪ ಬೇಸರವಾಯಿತು.

ಮಿಸ್ಟರ್ ಸಮೇಹ್ ಅನುಮತಿ ಕೊಟ್ಟು ತಾವೇ ಅವಳನ್ನು ಕೆಳಗೆ ಕರೆತಂದರು. ಅಮ್ಮನಷ್ಟೇ ಎತ್ತರ, ಅಮ್ಮನದೇ ಮೂಗು. ಊರಲ್ಲಿ ಇನ್ನೂ ಚಳಿಯಿದ್ದುದರಿಂದ ತೋಳಿನ ಮೇಲೆ ಒಂದು ದಪ್ಪ ಉಣ್ಣೆ ಕೋಟು. ಹಲೀನಾ ತಲೆ ಎತ್ತಿದಳು. ಯಂತ್ರ ನಿಂತಿತು. ಆಮೇಲೆ ಹಲೀನಾ ಕೈ ಚಾಚಿ ಕೇಳಿದಳು:

"ಆ ಕೋಟು ಕೊಡು."

ಅದು ಹಲೀನಾಳೇ ಎಷ್ಟೋ ವರ್ಷ ಹಿಂದೆ ಹೊಲಿದುಕೊಟ್ಟ ಕೋಟು. ಅವಳು ಅದನ್ನು ಮಗುಚಿ ಒಳಬದಿ ನೋಡಿದಳು. ಒಳಬಟ್ಟೆ ಎರಡು ಕಡೆ ಹರಿದಿತ್ತು. ಯಾರೋ ಕಪ್ಪು ಬಟ್ಟೆಗೆ ಕಂದು ದಾರದಿಂದ ಓರೆಕೋರೆ ಹೊಲಿದಿದ್ದರು.

"ಇದನ್ನು ಯಾರು ಹೊಲಿದದ್ದು?"

"ನಾನೇ."

"ನಾಚಿಕೆಯಾಗಬೇಕು. ಕೌನ್ಸಿಲ್ ಸಭೆಗೆ ಇದನ್ನೇ ಹಾಕಿಕೊಂಡು ಹೋಗುತ್ತೀಯಾ?"

"ಬೇರೆ ಕೋಟಿಲ್ಲ ಅಮ್ಮಾ."

ಅವರ ಭಾಷೆಯಲ್ಲಿ ಆಡಿದ ಈ ಮಾತುಗಳನ್ನು ಒಕ್ಸಾನಾ ನನಗೆ ಮತ್ತೆ ಇಂಗ್ಲಿಷಿನಲ್ಲಿ ಹೇಳಿದ್ದು. ಹಲೀನಾ ಹೊಲಿಗೆ ಬಿಚ್ಚುವ ಕತ್ತರಿ ತೆಗೆದುಕೊಂಡು ಆ ಕಂದು ದಾರವನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದಳು. ಒಕ್ಸಾನಾ ಅವಳ ಕಾಲ ಹತ್ತಿರ ಬಟ್ಟೆಯ ಮೂಟೆಯ ಮೇಲೆ ಕೂತಳು. ನಾನು ಎದ್ದು ಹೋಗೋಣ ಅಂತಿದ್ದೆ. "ಎಲ್ಲಿ ಹೋಗುತ್ತೀ? ಕೂರು. ನಿನಗೂ ಕೇಳಲು ಇದೆ" ಅಂದಳು ಹಲೀನಾ. ಅಲ್ಲಿಂದ ಮಾತೆಲ್ಲ ಇಂಗ್ಲಿಷಿಗೆ ತಿರುಗಿತು. "ನಾವಿಬ್ಬರೂ ಎರಡು ವರ್ಷದಿಂದ ಕೇಳಬೇಕು ಅಂತಿದ್ದೇವೆ. ಬೇಲಿಯ ಆ ಹಲಗೆ ಯಾಕೆ ಹಾಗೇ ಇದೆ?"

ಒಕ್ಸಾನಾ ನನ್ನ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು. ನಗು ತಡೆಯಲು ನೋಡಿದಳು, ಆಗಲಿಲ್ಲ.

"ಅಮ್ಮಾ, ನೀನಾ ಅತ್ತೆಯ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಅದರಲ್ಲಿ ಕ್ಯಾಮೆರಾ ಎಲ್ಲಿದೆ? ನೀನು ಹೇಳಿದ ದಿನವೇ ಅವಳು ನನ್ನ ಹತ್ತಿರ ಓಡಿ ಬಂದಳು. ಎರಡು ವರ್ಷದಿಂದ ಅವಳ ಹೆಸರಿನಲ್ಲಿ ಫೋಟೋ ಕಳಿಸುತ್ತಿರುವುದು ನಾನೇ."

"ಅಂದರೆ ಎರಡು ವರ್ಷ ನನಗೆ ಮೋಸ ಮಾಡಿದೆ!" ಹಲೀನಾ ಕತ್ತರಿ ಎತ್ತಿ ನನಗೆ ತೋರಿಸಿದಳು. "ನೋಡಿದೆಯಾ ಸೆವ್ರಿನ್ಕಾ? ರಾಜಕಾರಣಿ!"

"ಮತ್ತೆ ಹಲಗೆ?" ಕೇಳಿದೆ ನಾನು.

"ನಿಜ ಹೇಳಲಾ ಆಂಟಿ? ಸುತ್ತಿಗೆ ಹಿಡಿಯಲು ಪುರುಸೊತ್ತಿಲ್ಲ."

ಪುರುಸೊತ್ತಿಲ್ಲದಷ್ಟು ಏನು ಮಾಡಿದೆ ಅಂತ ಹಲೀನಾ ಕೇಳಿದಳು. ಕೌನ್ಸಿಲಿನ ಪ್ರತಿ ತೀರ್ಮಾನವನ್ನೂ ಹಾಳೆಯಲ್ಲಿ ಬರೆದು ಬ್ರೆಡ್ ಅಂಗಡಿಯ ಗೋಡೆಗೆ ಅಂಟಿಸಬೇಕು ಅಂತ ಹಟ ಹಿಡಿದಿದ್ದೆ, ಈಗ ಅಂಟಿಸುತ್ತಾರೆ ಅಂದಳು ಒಕ್ಸಾನಾ.

"ಅಷ್ಟೇನಾ? ಒಂದು ಹಾಳೆಗೆ ಎರಡು ವರ್ಷ?"

"ಹಾಳೆ ಮೊದಲ ವಾರವೇ ಬಂತು ಅಮ್ಮಾ. ಅಂಟು ತರಲು ಎರಡು ವರ್ಷ."

ಮಿಸ್ಟರ್ ಸಮೇಹ್ ಇನ್ನೂ ಬಾಗಿಲಲ್ಲೇ ನಿಂತಿದ್ದರು ಅಂತ ನಮಗೆ ತಿಳಿದದ್ದು ಅವರು ನಕ್ಕಾಗ. ಅವತ್ತು ಚಹಾ ಅವರೇ ತರಿಸಿದರು.

ಮೊದಲು ಮೂವರು ಮುದುಕಿಯರು ಮಾತ್ರ ಆ ಹಾಳೆ ಓದುತ್ತಿದ್ದರಂತೆ. ಈಗ ಬ್ರೆಡ್ಡಿಗೆ ಬಂದವರೆಲ್ಲ ಓದಿ ಜಗಳಕ್ಕೆ ನಿಲ್ಲುತ್ತಾರಂತೆ. ಹೆಚ್ಚು ಬೈಗುಳ ಒಕ್ಸಾನಾಗೇ. ಅದನ್ನು ಹೇಳುವಾಗ ಅವಳ ಮುಖ ಬೆಳಗುತ್ತಿತ್ತು. ಹಲೀನಾ ಕೇಳಿದಳು, ಕೋಟು ಹೊಲಿದು ಮುಗಿಸಿದಳು, ಕೊಡವಿ ಮಗಳ ಹೆಗಲಿಗೆ ಹಾಕಿ ನೋಡಿದಳು. "ನೀನು ದಡ್ಡಿ. ಕಳ್ಳಿ ಆಗಲು ಇನ್ನೂ ಸಮಯವಿದೆ, ನೋಡೋಣ" ಅಂದಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಹತ್ತು ದಿನದಲ್ಲಿ ಹೇಳಲಿಲ್ಲ. ಆದರೆ ಇಬ್ಬರೂ ಸಮುದ್ರದ ದಂಡೆಯಲ್ಲಿ ಕೈ ಹಿಡಿದುಕೊಂಡು ನಡೆದದ್ದನ್ನು ನಾನು ನೋಡಿದ್ದೇನೆ.

ವಿಮಾನ ನಿಲ್ದಾಣದಲ್ಲಿ ಒಕ್ಸಾನಾ ನನ್ನನ್ನು ಪಕ್ಕಕ್ಕೆ ಎಳೆದಳು. "ಆಂಟಿ, ಅಮ್ಮ ಈಗಲೂ ನಾನು ಆ ನಾಯಕರ ಹಾಗೆ ಆಗುತ್ತೇನೆ ಅಂತಲೇ ಎಣಿಸಿದ್ದಾಳಾ? ಅಲ್ಲಿ ದಿನಾ ಬೈಸಿಕೊಳ್ಳುವುದು ಕಷ್ಟ ಅಲ್ಲ. ಅಮ್ಮನಿಗೂ ನಂಬಿಕೆ ಇಲ್ಲ ಅಂದರೆ ಮಾತ್ರ..." ಅಂದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಬೆನ್ನು ಸವರಿ ಕಳಿಸಿದೆ.

ಅದಾದ ಮೇಲೆ ಅಮ್ಮ ಮಗಳು ದಿನಾ ಫೋನಿನಲ್ಲಿ ಜಗಳವಾಡತೊಡಗಿದರು. ಒಂದು ಬಸ್ಸು ಊರಿಗೆ ಬರುವುದು ಬಿಡುವುದರ ಮೇಲೆ ಒಂದು ತಿಂಗಳು ಜಗಳ. ನೀರಿನ ಕೊಳವೆಯ ಮೇಲೆ ಒಂದು ಚಳಿಗಾಲ. ಹಲೀನಾ ಹೊಲಿಯುತ್ತಾ ಹೊಲಿಯುತ್ತಾ ಬೈಯುತ್ತಿದ್ದಳು, ಫೋನ್ ಇಟ್ಟ ಮೇಲೆ ಗುನುಗುತ್ತಿದ್ದಳು. ಚಹಾದ ಆಟ ಮತ್ತೆ ಶುರುವಾಯಿತು.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಮತ್ತೆ ಅಧ್ಯಕ್ಷರ ಚುನಾವಣೆ. ಅವಳ ಹೊಟ್ಟೆಯ ಕಾಯಿಲೆ ಆಗಲೇ ತಿಳಿದಿತ್ತು. ಬೇಸಿಗೆಯಲ್ಲಿ ನಾವಿಬ್ಬರೂ ಒಟ್ಟಿಗೆ ಕೆಲಸ ಬಿಡುವುದು ಅಂತ ತೀರ್ಮಾನವಾಗಿತ್ತು. ಸಾಯುವವರೆಗೆ ಮತ ಹಾಕುವುದಿಲ್ಲ ಅಂದವಳು, ಶನಿವಾರ ಸಂಜೆ ಫೋನ್ ಮಾಡಿ, "ಲಾರೆನ್ಸ್‌ಗೆ ಹೇಳು, ಈ ಸಲ ದಾರಿ ತಪ್ಪಬಾರದು" ಅಂದಳು. ಅಬುಧಾಬಿಯ ಸಾಲಿನಲ್ಲಿ ನಾನು ಅವಳಿಗೆ ಕೊಡೆ ಹಿಡಿದು ಗೇಟಿನವರೆಗೆ ಜೊತೆಗೆ ನಡೆದೆ. ಯಾರಿಗೆ ಹಾಕಿದಳೋ ಹೇಳಲಿಲ್ಲ. ಒಕ್ಸಾನಾ ಬೇರೆಯವರಿಗೆ ಹಾಕಿದ್ದಳು ಅಂತ ಮಾತ್ರ ಆ ರಾತ್ರಿಯ ಜಗಳದಿಂದ ತಿಳಿಯಿತು.

ಜುಲೈಯಲ್ಲಿ ಅವಳು ಅವಳ ಊರಿಗೆ, ನಾನು ನನ್ನ ಊರಿಗೆ. ಅಕ್ಟೋಬರಿನಲ್ಲಿ ಒಕ್ಸಾನಾ ಫೋನ್ ಮಾಡಿದಳು. ಅಮ್ಮ ನೋವಿಲ್ಲದೆ ಹೋದಳು ಅಂದಳು. ಇಬ್ಬರೂ ಅತ್ತೆವು. ಅತ್ತ ಮೇಲೆ ಅವಳು ಕೇಳಿದಳು, ಮುಂದಿನ ವರ್ಷ ಮತ್ತೆ ಕೌನ್ಸಿಲ್ ಚುನಾವಣೆ ಇದೆ, ನಿಲ್ಲಲಾ ಬೇಡವಾ ಗೊತ್ತಾಗುತ್ತಿಲ್ಲ, ಅಮ್ಮ ಕೊನೆಯವರೆಗೂ ಏನೂ ಹೇಳಲಿಲ್ಲ, ನಿಮಗೆ ಯಾವಾಗಲಾದರೂ ಏನಾದರೂ ಹೇಳಿದ್ದಳಾ ಅಂತ.

ನನಗೆ ಹೇಳಿರಲಿಲ್ಲ. ಆದರೆ ಆ ದಿನ ಅಬುಧಾಬಿಯ ಸಾಲಿನಲ್ಲಿ ನಮ್ಮ ಮುಂದೆ ಅವಳ ದೇಶದ ಒಬ್ಬ ಗಂಡಸು ನಿಂತಿದ್ದ. ಬಿಸಿಲಿಗೆ ರೋಸಿಹೋಗಿ, ಹಿಂದೆ ತಿರುಗಿ ಇಂಗ್ಲಿಷಿನಲ್ಲಿ ನನಗೇ ಹೇಳಿದ: "ಸುಮ್ಮನೆ ನಿಂತಿದ್ದೇವೆ ಮೇಡಂ. ನಮ್ಮ ದೇಶದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಬ್ಬನೂ ಪ್ರಾಮಾಣಿಕ ಇಲ್ಲ." ನಾನು ಹಲೀನಾ ಕಡೆ ನೋಡಿದೆ, ಈಗ ಇವಳು ಬೀದಿದೀಪದ ಕಥೆ ಹೇಳುತ್ತಾಳೆ ಅಂತ. ಅವಳು ಕೊಡೆಯಿಂದ ಹೊರಗೆ ಬಂದು, ಬೆನ್ನು ನೆಟ್ಟಗೆ ಮಾಡಿ, ಸಾಲಿಗೆಲ್ಲ ಕೇಳುವ ಹಾಗೆ ಇಂಗ್ಲಿಷಿನಲ್ಲೇ ಅಂದಳು: "ಒಬ್ಬಳು ಇದ್ದಾಳೆ. ನನ್ನ ಮಗಳು. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ."

ಅಮ್ಮನೇ ಹೇಳಿರುತ್ತಾಳೆ ಅಂತ ಎಣಿಸಿ ಅಷ್ಟು ದಿನ ಎತ್ತದಿದ್ದ ಈ ಮಾತನ್ನು ಒಕ್ಸಾನಾಗೆ ಹೇಳಿದೆ. ಲೈನ್ ಹೋಯಿತೇನೋ ಅಂತ ಹಲೋ ಹಲೋ ಅಂದೆ.

"ಇದ್ದೇನೆ ಆಂಟಿ" ಅಂದಳು. "ಇನ್ನೊಮ್ಮೆ ಹೇಳಿ."

ಹೇಳಿದೆ.

"ಇನ್ನೊಮ್ಮೆ."